ಹಸಿದ ಬ್ಯಾಕ್ಟೀರಿಯಾ ಮತ್ತು ಔಷಧದ ಅವಧಿ: 5 ದಿನ ಎಲ್ಲಿ ಸಾಕು, 6 ತಿಂಗಳು ಏಕೆ ಬೇಕು?

ನ್ಯುಮೋನಿಯಾಕ್ಕೆ 5 ದಿನದ ಆಂಟಿಬಯೋಟಿಕ್ ಸಾಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳಿತು. ಅದು ಆಸ್ಪತ್ರೆಯ ಹೊರಗೆ ತಗುಲಿದ ನ್ಯುಮೋನಿಯಾಕ್ಕೆ ಸಂಬಂಧಿಸಿದ ಮಾತು. ಆಸ್ಪತ್ರೆಯೊಳಗೆ ತಗುಲಿದ್ದಕ್ಕೆ 8 ದಿನ. ಕ್ಷಯದ ವಿಷಯಕ್ಕೆ ಬಂದರೆ ಮಾತ್ರ 6 ತಿಂಗಳ ಮಾತ್ರೆಯಲ್ಲಿ ಒಂದು ದಿನವೂ ತಪ್ಪಬಾರದು ಎಂದು ಆರೋಗ್ಯ ಇಲಾಖೆ ಇಂದಿಗೂ ಒತ್ತಿ ಹೇಳುತ್ತದೆ. ಇದರ ನಡುವೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಬಹುಔಷಧ ನಿರೋಧಕ ಕ್ಷಯಕ್ಕೆ ‘ಬಿಪಾಲ್‌ಎಂ’ ಎಂಬ ನಾಲ್ಕು ಔಷಧಗಳ ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. 20 ತಿಂಗಳವರೆಗೂ ಎಳೆಯುತ್ತಿದ್ದ ಚಿಕಿತ್ಸೆ ಇದರಿಂದ 6 ತಿಂಗಳಿಗೆ ಇಳಿಯುತ್ತದೆ ಎಂಬುದು ಆ ಸುದ್ದಿಯ ಸಾರ.

ಈ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಔಷಧಕ್ಕೆ ಒಂದು ಕಡೆ 5 ದಿನ ಸಾಕಾದರೆ ಇನ್ನೊಂದು ಕಡೆ 6 ತಿಂಗಳು ಏಕೆ ಬೇಕು? ಔಷಧ ನಿರೋಧಕತೆ ಬೆಳೆಸಿಕೊಂಡಿರುವುದರಿಂದ ಎಂಬ ಉತ್ತರ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಯಾವ ನಿರೋಧಕತೆಯೂ ಇಲ್ಲದ, ಎಲ್ಲ ಔಷಧಗಳಿಗೂ ಬಗ್ಗುವ ಕ್ಷಯಕ್ಕೂ 6 ತಿಂಗಳು ಬೇಕಾಗುತ್ತದೆ. ಆದ್ದರಿಂದ ಉತ್ತರವನ್ನು ಬೇರೆ ಕಡೆ ಹುಡುಕಬೇಕು. ಆಹಾರ ಸಿಗದಿದ್ದಾಗ ಬ್ಯಾಕ್ಟೀರಿಯಾ ತನ್ನ ಜೀನ್‌ಗಳಲ್ಲಿ ಯಾವುದನ್ನು ಬಳಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಹೇಗೆ ಬದಲಾಯಿಸಿಕೊಂಡು ಬದುಕುತ್ತದೆ ಎಂಬುದು ಆ ಉತ್ತರದ ಮುಖ್ಯ ಭಾಗ.

ನಿರೋಧಕತೆ ಬೇರೆ, ತಾಳಿಕೆ ಬೇರೆ

1944ರಲ್ಲಿ, ಪೆನಿಸಿಲಿನ್ ಇನ್ನೂ ಹೊಸ ಔಷಧವಾಗಿದ್ದಾಗಲೇ, ಐರ್ಲೆಂಡಿನ ಜೋಸೆಫ್ ಬಿಗ್ಗರ್ ಒಂದು ವಿಚಿತ್ರವನ್ನು ಗಮನಿಸಿದರು. ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾಗಳಿಗೆ ಎಷ್ಟೇ ಪೆನಿಸಿಲಿನ್ ಹಾಕಿದರೂ ಬೆರಳೆಣಿಕೆಯ ಕೋಶಗಳು ಉಳಿದುಬಿಡುತ್ತಿದ್ದವು. ಉಳಿದವುಗಳನ್ನು ಹೊಸ ಆಹಾರದಲ್ಲಿ ಬೆಳೆಸಿ, ಅವುಗಳ ಸಂತತಿಗೆ ಮತ್ತೆ ಪೆನಿಸಿಲಿನ್ ಕೊಟ್ಟಾಗ ಆ ಸಂತತಿ ಮೊದಲಿನಷ್ಟೇ ಸುಲಭವಾಗಿ ಸತ್ತಿತು, ಮತ್ತೆ ಅಷ್ಟೇ ಸಣ್ಣ ಪಾಲು ಉಳಿಯಿತು. ಅಂದರೆ ಉಳಿದವು ಔಷಧವನ್ನು ಸೋಲಿಸುವ ಹೊಸ ಗುಣವನ್ನು ಪಡೆದಿರಲಿಲ್ಲ. ಆ ಹೊತ್ತಿನಲ್ಲಿ ಅವು ಇದ್ದ ಸ್ಥಿತಿಯೇ ಅವನ್ನು ಉಳಿಸಿತ್ತು. ಬಿಗ್ಗರ್ ಅವುಗಳನ್ನು ‘ಪರ್ಸಿಸ್ಟರ್’, ಎಂದರೆ ಪಟ್ಟು ಬಿಡದವು, ಎಂದು ಕರೆದರು.

ಈ ವ್ಯತ್ಯಾಸವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಿರೋಧಕತೆ ಎಂದರೆ ಜೀನ್‌ನಲ್ಲೇ ಬದಲಾವಣೆಯಾಗಿ, ಔಷಧವಿದ್ದರೂ ಬ್ಯಾಕ್ಟೀರಿಯಾ ಬೆಳೆಯುವುದು. ತಾಳಿಕೆ ಎಂದರೆ ಬೆಳೆಯದೆಯೂ ಸಾಯದೆಯೂ ಔಷಧದ ಕಾಲವನ್ನು ಕಳೆಯುವುದು. ಮೊದಲನೆಯದು ಮಕ್ಕಳು ಮೊಮ್ಮಕ್ಕಳಿಗೆ ಇಳಿದು ಬರುತ್ತದೆ, ಎರಡನೆಯದು ಸಾಮಾನ್ಯವಾಗಿ ಪರಿಸ್ಥಿತಿ ಬದಲಾದರೆ ಹೋಗುತ್ತದೆ. ಬಹುತೇಕ ಆಂಟಿಬಯೋಟಿಕ್‌ಗಳು ದಾಳಿ ಮಾಡುವುದು ಬೆಳವಣಿಗೆಯ ಕೆಲಸಗಳ ಮೇಲೆ. ಪೆನಿಸಿಲಿನ್ ಕೋಶಭಿತ್ತಿ ಕಟ್ಟುವ ಕೆಲಸವನ್ನು ತಡೆಯುತ್ತದೆ. ಬೆಳೆಯುತ್ತಿರುವ ಕೋಶದಲ್ಲಿ ಹಳೆಯ ಭಿತ್ತಿಯನ್ನು ಕತ್ತರಿಸುವ ಕಿಣ್ವಗಳು ಕೆಲಸ ಮುಂದುವರಿಸುತ್ತವೆ, ಹೊಸದು ಕಟ್ಟುವುದು ಮಾತ್ರ ನಿಲ್ಲುತ್ತದೆ. ಹಾಗಾಗಿ ಕೋಶ ಒಡೆಯುತ್ತದೆ. ಭಿತ್ತಿ ಕಟ್ಟುವುದನ್ನೂ ಕತ್ತರಿಸುವುದನ್ನೂ ಮೊದಲೇ ನಿಲ್ಲಿಸಿ ಕುಳಿತ ಕೋಶದಲ್ಲಿ ಪೆನಿಸಿಲಿನ್‌ಗೆ ಕೆಲಸವೇ ಇಲ್ಲ.

ಎರಡು ಸಕ್ಕರೆಗಳ ನಡುವಿನ ಬಿಡುವು

ಬ್ಯಾಕ್ಟೀರಿಯಾ ಆಹಾರದ ಕೊರತೆಯನ್ನು ತಿಳಿಯುವ ಬಗೆಯನ್ನು ಅರಿಯಲು 1941ರ ಪ್ಯಾರಿಸ್‌ಗೆ ಹೋಗಬೇಕು. ಜಾಕ್ ಮೊನೋ ಎಂಬ ತರುಣ ವಿಜ್ಞಾನಿ ಆಗ ಎರಡು ಸಕ್ಕರೆ ಬೆರೆಸಿದ ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಅವುಗಳ ಹೆಚ್ಚಳವನ್ನು ಅಳೆಯುತ್ತಿದ್ದರು. ಒಂದು ಸಕ್ಕರೆ ಮಾತ್ರ ಇದ್ದಾಗ ರೇಖೆ ಒಂದೇ ಸಮನೆ ಏರಿ ನಿಲ್ಲುತ್ತಿತ್ತು. ಗ್ಲೂಕೋಸ್ ಜೊತೆಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇದ್ದರೆ ರೇಖೆ ಏರಿ, ಸ್ವಲ್ಪ ಹೊತ್ತು ಸಮತಟ್ಟಾಗಿ, ಮತ್ತೆ ಏರುತ್ತಿತ್ತು. ಇ. ಕೋಲೈ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸನ್ನು ಮುಗಿಸಿ, ಬಳಿಕ ಲ್ಯಾಕ್ಟೋಸ್ ಒಡೆಯುವ ಕಿಣ್ವವನ್ನು ಹೊಸದಾಗಿ ತಯಾರಿಸಿಕೊಳ್ಳಲು ತೆಗೆದುಕೊಂಡ ಸಮಯವೇ ಆ ಸಮತಟ್ಟು ಭಾಗ.

ಆ ಬಿಡುವಿನೊಳಗೆ ನಡೆಯುವುದನ್ನು ಬಿಡಿಸಿ ಹೇಳಲು ಇಪ್ಪತ್ತು ವರ್ಷ ಹಿಡಿಯಿತು. 1961ರಲ್ಲಿ ಫ್ರಾನ್ಸ್ವಾ ಜಾಕೊಬ್ ಜೊತೆಗೂಡಿ ಮೊನೋ ವಿವರಿಸಿದಂತೆ, ಲ್ಯಾಕ್ಟೋಸ್ ಬಳಸುವ ಜೀನ್‌ಗಳ ಮುಂದೆ ಒಂದು ತಡೆ ಪ್ರೋಟೀನ್ ಕುಳಿತಿರುತ್ತದೆ; ಲ್ಯಾಕ್ಟೋಸ್ ಒಳಗೆ ಬಂದಾಗ ಅದರಿಂದಾದ ಒಂದು ಅಣು ಆ ತಡೆಗೆ ಅಂಟಿಕೊಂಡು ಅದನ್ನು ಜಾಗದಿಂದ ಕಳಚುತ್ತದೆ. ಆದರೆ ತಡೆ ತೆಗೆದರಷ್ಟೇ ಸಾಲದು ಎಂಬುದು ಮುಂದೆ ತಿಳಿಯಿತು. ಗ್ಲೂಕೋಸ್ ಒಳಬರುವಾಗ ಅದನ್ನು ಸಾಗಿಸುವ ಪ್ರೋಟೀನ್‌ಗಳಲ್ಲೊಂದು ತನ್ನ ಫಾಸ್ಫೇಟನ್ನು ಕಳೆದುಕೊಳ್ಳುತ್ತದೆ, ಮತ್ತು ಆ ಸ್ಥಿತಿಯಲ್ಲಿ ಲ್ಯಾಕ್ಟೋಸ್ ಒಳಬರುವ ಬಾಗಿಲನ್ನೇ ಮುಚ್ಚುತ್ತದೆ. ಗ್ಲೂಕೋಸ್ ಮುಗಿದಾಗ ಅದೇ ಪ್ರೋಟೀನ್ ಫಾಸ್ಫೇಟ್ ಉಳಿಸಿಕೊಂಡು, ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಆ ಅಣು ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಜೀನಿನ ಮುಂದೆ ಕುಳಿತಾಗ ಮಾತ್ರ ಲ್ಯಾಕ್ಟೋಸ್ ಜೀನ್‌ಗಳು ಜೋರಾಗಿ ಓದಲ್ಪಡುತ್ತವೆ, ಎಂದರೆ ಅವುಗಳಿಂದ ಪ್ರೋಟೀನ್ ತಯಾರಾಗುತ್ತದೆ. ಒಳ್ಳೆಯ ಆಹಾರವಿಲ್ಲ, ಬದಲಿ ಆಹಾರವಿದೆ ಎಂಬ ಎರಡೂ ಮಾತು ಖಚಿತವಾದ ಮೇಲೆಯೇ ಕೋಶ ಖರ್ಚಿಗೆ ಇಳಿಯುತ್ತದೆ.

ಈ ಎಚ್ಚರಕ್ಕೆ ಕಾರಣವಿದೆ. ಇ. ಕೋಲೈ ಬಳಿ 4,000ಕ್ಕೂ ಹೆಚ್ಚು ಜೀನ್‌ಗಳಿವೆ. ಎಲ್ಲವನ್ನೂ ಒಟ್ಟಿಗೆ ಓದಿಸಿದರೆ ಪ್ರೋಟೀನ್ ತಯಾರಿಕೆಯ ಶಕ್ತಿಯೆಲ್ಲ ಬೇಡದ ಕಿಣ್ವಗಳಿಗೆ ಹೋಗುತ್ತದೆ. ಸಾರಜನಕ, ಫಾಸ್ಫೇಟ್, ಕಬ್ಬಿಣ ಹೀಗೆ ಒಂದೊಂದರ ಕೊರತೆಗೂ ಬ್ಯಾಕ್ಟೀರಿಯಾದಲ್ಲಿ ಪ್ರತ್ಯೇಕ ಸಂವೇದಕವೂ ಅದಕ್ಕೆ ಹೊಂದಿದ ಜೀನ್‌ಗಳ ಗುಂಪೂ ಇವೆ.

ಬರಿಗೈಯಲ್ಲಿ ಬಂದ ಟಿಆರ್‌ಎನ್‌ಎ

ಇಲ್ಲಿಯವರೆಗಿನದು ಒಂದು ಆಹಾರದ ಬದಲು ಇನ್ನೊಂದನ್ನು ಹುಡುಕುವ ವ್ಯವಸ್ಥೆ. ಬದಲಿಯೂ ಸಿಗದಿದ್ದರೆ ಬೇರೆಯೇ ವ್ಯವಸ್ಥೆ ಮುಂದೆ ಬರುತ್ತದೆ, ಮತ್ತು ಔಷಧದ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಇದೇ.

1969ರಲ್ಲಿ ಮೈಕಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ಅವರು ಇ. ಕೋಲೈಗೆ ವಿಕಿರಣಶೀಲ ಫಾಸ್ಫೇಟ್ ಉಣಿಸಿ, ಬಳಿಕ ಅಮೈನೋ ಆಮ್ಲದ ಕೊರತೆಗೆ ಒಡ್ಡಿ, ಕೋಶದೊಳಗಿನ ಸಣ್ಣ ಅಣುಗಳನ್ನು ಬೇರ್ಪಡಿಸಿ ನೋಡಿದರು. ಉಂಡ ಕೋಶಗಳಲ್ಲಿ ಕಾಣದ ಕಪ್ಪು ಚುಕ್ಕೆಗಳು ಹಸಿದ ಕೋಶಗಳ ವಿಕಿರಣವನ್ನು ದಾಖಲಿಸಿದ ಫಿಲ್ಮಿನ ಮೇಲೆ ಎದ್ದು ಕಂಡವು. ಅವು ಏನೆಂದು ತಿಳಿಯದ ಆ ಹೊತ್ತಿನಲ್ಲಿ ಅವುಗಳಿಗೆ ‘ಮಾಯಾ ಚುಕ್ಕೆ’ ಎಂಬ ಹೆಸರು ಬಿತ್ತು. ಇಂದು ನಾವು ಅದನ್ನು ಪಿಪಿಜಿಪಿಪಿ ಎಂದು ಕರೆಯುತ್ತೇವೆ.

ಅದು ಹುಟ್ಟುವ ಜಾಗ ರೈಬೋಸೋಮ್. ಪ್ರೋಟೀನ್ ಕಟ್ಟುವ ಈ ಯಂತ್ರಕ್ಕೆ ಟಿಆರ್‌ಎನ್‌ಎ ಎಂಬ ಸಾಗಣೆ ಅಣುಗಳು ಒಂದೊಂದಾಗಿ ಅಮೈನೋ ಆಮ್ಲಗಳನ್ನು ಹೊತ್ತು ತರುತ್ತವೆ. ಅಮೈನೋ ಆಮ್ಲ ಮುಗಿದಾಗ ಟಿಆರ್‌ಎನ್‌ಎ ಬರಿಗೈಯಲ್ಲಿ ಬಂದು ಅದೇ ಜಾಗದಲ್ಲಿ ಕೂರುತ್ತದೆ. ರೈಬೋಸೋಮಿಗೆ ಅಂಟಿಕೊಂಡಿರುವ ರೆಲ್‌ಎ ಎಂಬ ಕಿಣ್ವ ಈ ಬರಿಗೈಯನ್ನು ಗುರುತಿಸಿ, ಪಿಪಿಜಿಪಿಪಿಯನ್ನು ತಯಾರಿಸತೊಡಗುತ್ತದೆ. ಕೊರತೆಯ ಸುದ್ದಿ ಹುಟ್ಟುವುದು ಕೊರತೆ ತಟ್ಟುವ ಜಾಗದಲ್ಲೇ. ನಡುವೆ ಬೇರೆ ಯಾವ ದೂತನೂ ಬೇಕಾಗುವುದಿಲ್ಲ ಎಂಬುದು ಈ ಏರ್ಪಾಡಿನ ಸೊಗಸು.

ಮುಂದಿನ ಪರಿಣಾಮ ಇಡೀ ಕೋಶಕ್ಕೆ ಹಬ್ಬುತ್ತದೆ. ಜೀನ್‌ಗಳನ್ನು ಓದುವ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವಕ್ಕೆ ಪಿಪಿಜಿಪಿಪಿ ನೇರವಾಗಿ ಅಂಟುತ್ತದೆ. ಆಗ ರೈಬೋಸೋಮಿನ ಭಾಗಗಳನ್ನು ತಯಾರಿಸುವ ಜೀನ್‌ಗಳ ಓದು ಕುಸಿಯುತ್ತದೆ, ಅಮೈನೋ ಆಮ್ಲ ತಯಾರಿಸುವ ಜೀನ್‌ಗಳ ಓದು ಏರುತ್ತದೆ. ಚೆನ್ನಾಗಿ ಉಂಡು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಇ. ಕೋಲೈ ಕೋಶದಲ್ಲಿ ಹತ್ತಾರು ಸಾವಿರ ರೈಬೋಸೋಮ್‌ಗಳಿರುತ್ತವೆ. ನಿಧಾನವಾಗಿ ಬೆಳೆಯುವ ಕೋಶದಲ್ಲಿ ಅವು ಕೆಲವೇ ಸಾವಿರಕ್ಕೆ ಇಳಿಯುತ್ತವೆ. ಕೋಶದ ಅತಿ ದೊಡ್ಡ ಖರ್ಚು ಇದಾದ್ದರಿಂದ ಉಳಿತಾಯವೂ ಇಲ್ಲಿಂದಲೇ ಶುರುವಾಗುತ್ತದೆ. ಎಲ್ಲ ಬ್ಯಾಕ್ಟೀರಿಯಾಗಳೂ ಇದನ್ನು ಒಂದೇ ರೀತಿ ಮಾಡುವುದಿಲ್ಲ. ಬ್ಯಾಸಿಲಸ್ ಗುಂಪಿನಲ್ಲಿ ಪಿಪಿಜಿಪಿಪಿ ಪಾಲಿಮರೇಸಿನ ಬದಲು ಕೋಶದೊಳಗಿನ ಜಿಟಿಪಿ ಎಂಬ ಶಕ್ತಿಯ ಅಣುವಿನ ಮಟ್ಟವನ್ನು ತಗ್ಗಿಸಿ ಅದೇ ಫಲವನ್ನು ಪಡೆಯುತ್ತದೆ. ಕ್ಷಯದ ಬ್ಯಾಕ್ಟೀರಿಯಾದ ನೆಂಟನಾದ, ರೋಗ ತರದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಈ ಅಣುವಿನ ಕೆಲಸವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪಂಕರ್ ಚಟರ್ಜಿ ಅವರ ತಂಡ ಬಹುಕಾಲ ಅಧ್ಯಯನ ಮಾಡಿದೆ.

ಕ್ಷಯದ ಗಂಟಿನೊಳಗೆ

ಕ್ಷಯದ ಬ್ಯಾಕ್ಟೀರಿಯಾ ಮೊದಲೇ ನಿಧಾನಿ. ಒಳ್ಳೆಯ ಆಹಾರವಿದ್ದರೂ ಇಬ್ಭಾಗವಾಗಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ. ಶ್ವಾಸಕೋಶದಲ್ಲಿ ನಮ್ಮ ರಕ್ಷಣಾ ಕೋಶಗಳು ಅದನ್ನು ಸುತ್ತುವರಿದು ಗಂಟು ಕಟ್ಟುತ್ತವೆ. ಗಂಟಿನ ನಡುಭಾಗದಲ್ಲಿ ಸತ್ತ ಕೋಶಗಳು ಗಿಣ್ಣಿನಂತೆ ಗಟ್ಟಿಯಾಗಿ, ಆಮ್ಲಜನಕ ವಿರಳವಾಗುತ್ತದೆ. ಆಗ ಸುಮಾರು 50 ಜೀನ್‌ಗಳ ಒಂದು ಗುಂಪನ್ನು ಡಾಸ್‌ಆರ್ ಎಂಬ ನಿಯಂತ್ರಕ ಒಟ್ಟಿಗೆ ಎಬ್ಬಿಸಿ, ಕಡಿಮೆ ಉಸಿರಿನ ಬದುಕಿಗೆ ಬ್ಯಾಕ್ಟೀರಿಯಾವನ್ನು ಸಿದ್ಧಗೊಳಿಸುತ್ತದೆ. ಆಹಾರವಾಗಿ ಅದು ಸಕ್ಕರೆಯ ಬದಲು ತಾನು ನೆಲೆಸಿದ ದೇಹದ ಕೊಬ್ಬಿನಾಮ್ಲ ಮತ್ತು ಕೊಲೆಸ್ಟರಾಲ್ ಕಡೆಗೆ ತಿರುಗುತ್ತದೆ.

ಕೊಬ್ಬನ್ನು ನಂಬಿ ಬದುಕಲು ಐಸೋಸಿಟ್ರೇಟ್ ಲೈಯೇಸ್ ಎಂಬ ಕಿಣ್ವ ಅಗತ್ಯ. ಸಾಮಾನ್ಯ ದಾರಿಯಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಹೋಗುವ ಇಂಗಾಲವನ್ನು ಅದು ಉಳಿಸಿಕೊಡುತ್ತದೆ. ಈ ಕಿಣ್ವವಿಲ್ಲದ ಕ್ಷಯದ ಬ್ಯಾಕ್ಟೀರಿಯಾ ಇಲಿಯಲ್ಲಿ ಮೊದಲ ಹಂತದಲ್ಲಿ ಎಂದಿನಂತೆ ಬೆಳೆದರೂ, ದೀರ್ಘಕಾಲ ನೆಲೆ ನಿಲ್ಲುವ ಹಂತದಲ್ಲಿ ಸೋಲುತ್ತದೆ ಎಂದು 2000ದಲ್ಲಿ ತಿಳಿದುಬಂತು. ಪಿಪಿಜಿಪಿಪಿ ತಯಾರಿಸುವ ಜೀನನ್ನು ತೆಗೆದಾಗಲೂ ಹೀಗೇ ಆಯಿತೆಂದು 2003ರ ಅಧ್ಯಯನ ತೋರಿಸಿತು. ಇಲಿಯ ಶ್ವಾಸಕೋಶದ ಗಂಟು ಮನುಷ್ಯನದನ್ನು ಪೂರ್ತಿ ಹೋಲುವುದಿಲ್ಲ ಎಂಬುದನ್ನು ಇಲ್ಲಿ ಸೇರಿಸಿ ಓದಬೇಕು. ಆದರೂ ಎರಡು ಅಧ್ಯಯನಗಳ ದಿಕ್ಕು ಒಂದೇ: ರೋಗ ತಗುಲಿಸಲು ಬೇಕಾದ ಜೀನ್‌ಗಳು ಬೇರೆ, ಹಸಿದು ಉಳಿಯಲು ಬೇಕಾದ ಜೀನ್‌ಗಳು ಬೇರೆ.

ಇದನ್ನು ರೋಗಿಯ ಕಡೆಯಿಂದ ನೋಡಿದರೆ ಚಿಕಿತ್ಸೆಯ ಅವಧಿ ಅರ್ಥವಾಗತೊಡಗುತ್ತದೆ. ಮೊದಲ ವಾರಗಳಲ್ಲಿ ಐಸೋನಿಯಾಜಿಡ್ ಎಂಬ ಔಷಧ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳನ್ನು ರಾಶಿ ರಾಶಿಯಾಗಿ ಕೊಲ್ಲುತ್ತದೆ. ಜ್ವರ ಇಳಿಯುತ್ತದೆ, ಕೆಮ್ಮು ಕಡಿಮೆಯಾಗುತ್ತದೆ, ತೂಕ ಏರುತ್ತದೆ, ಎರಡನೇ ತಿಂಗಳ ಕೊನೆಗೆ ಬಹಳ ಮಂದಿಯ ಕಫ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಆದರೆ ಆ ಹೊತ್ತಿಗೆ ಸತ್ತಿರುವುದು ಬೆಳೆಯುತ್ತಿದ್ದವು. ಉಳಿದ ನಾಲ್ಕು ತಿಂಗಳು ರಿಫಾಂಪಿಸಿನ್ ಕಾಯುವುದು ಆಗಾಗ ಸ್ವಲ್ಪ ಎಚ್ಚರಗೊಳ್ಳುವ ಮಿಕ್ಕವುಗಳಿಗಾಗಿ. ಹಿಂದೆ ಒಂದೂವರೆ ವರ್ಷದವರೆಗೆ ಇದ್ದ ಚಿಕಿತ್ಸೆ 6 ತಿಂಗಳಿಗೆ ಇಳಿಯಲು ಕಾರಣವಾದದ್ದು ರಿಫಾಂಪಿಸಿನ್ ಮತ್ತು ಪೈರಜಿನಾಮೈಡ್ ಎಂಬ ಎರಡು ಔಷಧಗಳು. ಅದಕ್ಕೆ ಆಧಾರವಾದ ಪ್ರಮುಖ ಪ್ರಯೋಗಗಳನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1970ರ ದಶಕದಲ್ಲಿ ಪೂರ್ವ ಆಫ್ರಿಕದಲ್ಲಿ ನಡೆಸಿತು. ಪೈರಜಿನಾಮೈಡಿನ ವಿಶೇಷವೆಂದರೆ ಆಮ್ಲೀಯ ವಾತಾವರಣದಲ್ಲಿ ಬೆಳೆಯದೆ ಕುಳಿತ ಬ್ಯಾಕ್ಟೀರಿಯಾದ ಮೇಲೂ ಅದು ಕೆಲಸ ಮಾಡುತ್ತದೆ.

ತಾಳಿಕೆ ಕಾರ್ಯಕ್ರಮವೋ, ಬರಿಯ ನಿತ್ರಾಣವೋ

ಹಸಿವಿಗೂ ತಾಳಿಕೆಗೂ ಸಂಬಂಧವಿದೆ ಎಂಬುದರಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ. ಆ ಸಂಬಂಧ ಯಾವ ಬಗೆಯದು ಎಂಬುದರಲ್ಲಿ ವಾದವಿದೆ. ಹಸಿವಿನ ಸಂಕೇತವು ರಕ್ಷಣೆಯ ಜೀನ್‌ಗಳನ್ನು ಉದ್ದೇಶಪೂರ್ವಕವಾಗಿ ಎಬ್ಬಿಸುತ್ತದೆ ಎಂಬುದು ಒಂದು ಪಕ್ಷ. 2011ರಲ್ಲಿ ಸೂಡೊಮೊನಾಸ್ ಬ್ಯಾಕ್ಟೀರಿಯಾದ ಮೇಲೆ ನಡೆದ ಅಧ್ಯಯನ ಇದಕ್ಕೆ ಬಲ ಕೊಟ್ಟಿತು: ಪಿಪಿಜಿಪಿಪಿ ತಯಾರಿಸಲಾರದ ಕೋಶಗಳು ಹಸಿದು ನಿಂತಿದ್ದರೂ ಔಷಧಕ್ಕೆ ಸುಲಭವಾಗಿ ಸತ್ತವು. ಬೆಳವಣಿಗೆ ನಿಂತರಷ್ಟೇ ರಕ್ಷಣೆ ಸಿಗುವುದಾದರೆ ಹೀಗಾಗಬಾರದಿತ್ತು.

ಇನ್ನೊಂದು ಪಕ್ಷದ ಪ್ರಕಾರ ವಿಶೇಷ ಕಾರ್ಯಕ್ರಮವೇನೂ ಬೇಕಿಲ್ಲ. ಅಮೆರಿಕದ ಕಿಮ್ ಲೂಯಿಸ್ ಮತ್ತು ಸಂಗಡಿಗರು 2016 ಮತ್ತು 2017ರಲ್ಲಿ ಸ್ಟೆಫೈಲೊಕಾಕಸ್ ಹಾಗೂ ಇ. ಕೋಲೈಗಳಲ್ಲಿ ತೋರಿಸಿದಂತೆ, ಕೆಲವು ಕೋಶಗಳಲ್ಲಿ ಶಕ್ತಿಯ ಅಣುವಾದ ಎಟಿಪಿ ಆಕಸ್ಮಿಕವಾಗಿ ಕಡಿಮೆಯಿರುತ್ತದೆ. ಶಕ್ತಿಯಿಲ್ಲದೆ ಔಷಧದ ಗುರಿಗಳೇ ಸ್ತಬ್ಧವಾಗಿರುವುದರಿಂದ ಅಂಥವು ಬದುಕುತ್ತವೆ.

ನಡುವೆ ಮೂರನೆಯ ವಿವರಣೆಯೊಂದು ಬಂದು ಕುಸಿದುದನ್ನೂ ಹೇಳಬೇಕು. ಪಿಪಿಜಿಪಿಪಿಯಿಂದ ಶುರುವಾಗಿ ಕೋಶದೊಳಗಿನ ವಿಷ-ಪ್ರತಿವಿಷ ಜೀನ್ ಜೋಡಿಗಳಲ್ಲಿ ಕೊನೆಗೊಳ್ಳುವ ಅಚ್ಚುಕಟ್ಟಾದ ಸರಪಳಿಯನ್ನು ಪ್ರತಿಪಾದಿಸಿದ, 2011 ಮತ್ತು 2013ರ ಎರಡು ಪ್ರಮುಖ ಪ್ರಬಂಧಗಳನ್ನು ಅವುಗಳ ಲೇಖಕರೇ 2018ರಲ್ಲಿ ಹಿಂದಕ್ಕೆ ಪಡೆದರು. ಪ್ರಯೋಗದ ತಳಿಗಳಿಗೆ ಒಂದು ವೈರಸ್ ಸೇರಿಕೊಂಡು ಫಲಿತಾಂಶವನ್ನು ಕೆಡಿಸಿತ್ತು. ತಪ್ಪನ್ನು ಅದೇ ಪ್ರಯೋಗಾಲಯ ಪತ್ತೆ ಮಾಡಿ ಪ್ರಕಟಿಸಿದ್ದು ಗೌರವದ ಸಂಗತಿ. ಒಂದೇ ಸ್ವಿಚ್ಚಿನಿಂದ ಎಲ್ಲ ತಾಳಿಕೆಯನ್ನೂ ವಿವರಿಸುವ ಆಸೆಯನ್ನು ಈಗ ಬಿಡಬೇಕಾಗಿದೆ ಎಂದೇ ನನ್ನ ಅಭಿಪ್ರಾಯ. ಬ್ಯಾಕ್ಟೀರಿಯಾ ಯಾವುದು, ಕೊರತೆ ಯಾವುದರದು, ಔಷಧ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

‘ಕೋರ್ಸ್ ಮುಗಿಸಿ’ ಎಂಬ ಮಾತಿನ ವಿವಾದ

ಸಾರ್ವಜನಿಕರಿಗೆ ಹತ್ತಿರವಾದ ವಾದ ಇದು. ಮಾತ್ರೆ ಪೂರ್ತಿ ಮುಗಿಸದಿದ್ದರೆ ನಿರೋಧಕತೆ ಹುಟ್ಟುತ್ತದೆ ಎಂಬ ಬಹುಕಾಲದ ಸಲಹೆಗೆ ಸಾಕಷ್ಟು ಆಧಾರವಿಲ್ಲ ಎಂದು ಬ್ರಿಟನ್ನಿನ ತಜ್ಞರ ಗುಂಪೊಂದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆಯಿತು. ಬೇಕಾದ್ದಕ್ಕಿಂತ ಹೆಚ್ಚು ದಿನ ಔಷಧ ತೆಗೆದುಕೊಂಡರೆ ಕರುಳಿನಲ್ಲೂ ಚರ್ಮದ ಮೇಲೂ ನೆಲೆಸಿರುವ ನಿರಪಾಯದ ಬ್ಯಾಕ್ಟೀರಿಯಾಗಳು ಔಷಧಕ್ಕೆ ಒಡ್ಡಿಕೊಂಡು, ಅವುಗಳಲ್ಲಿ ನಿರೋಧಕವಾದವು ಮೇಲುಗೈ ಪಡೆಯುತ್ತವೆ ಎಂಬುದು ಅವರ ಮುಖ್ಯ ವಾದ. 5 ದಿನದ ಮಾರ್ಗಸೂಚಿಗಳ ಹಿಂದೆ ಇರುವ ಆಲೋಚನೆಯೂ ಇದೇ.

ಅದೇ 2017ರಲ್ಲಿ ಜೆರುಸಲೇಮಿನ ನತಾಲಿ ಬಲಬನ್ ಅವರ ತಂಡ ಇನ್ನೊಂದು ಮುಖವನ್ನು ತೋರಿಸಿತು. ಬ್ಯಾಕ್ಟೀರಿಯಾಗಳಿಗೆ ಆಂಪಿಸಿಲಿನ್ ಎಂಬ ಆಂಟಿಬಯೋಟಿಕ್ ಕೊಟ್ಟು, ನಿಲ್ಲಿಸಿ, ಮತ್ತೆ ಕೊಡುತ್ತಾ ಹೋದಾಗ ಮೊದಲು ಹುಟ್ಟಿದ್ದು ತಾಳಿಕೆ. ನಿರೋಧಕತೆ ಬಂದದ್ದು ಅದರ ಬೆನ್ನ ಮೇಲೆ. ಸಾಯದೆ ಉಳಿದವುಗಳ ಸಂಖ್ಯೆ ಹೆಚ್ಚಿದಷ್ಟೂ ಅವುಗಳಲ್ಲಿ ಒಂದಕ್ಕೆ ನಿರೋಧಕ ಬದಲಾವಣೆ ಒದಗುವ ಅವಕಾಶ ಹೆಚ್ಚುತ್ತದೆ. ಹಾಗಾಗಿ ಬಿಟ್ಟು ಬಿಟ್ಟು ತೆಗೆದುಕೊಳ್ಳುವುದು ಅಪಾಯಕರ.

ಇವೆರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ. ಆರೋಗ್ಯವಂತರ ನ್ಯುಮೋನಿಯಾದಲ್ಲಿ ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುತ್ತಿರುತ್ತವೆ, ಔಷಧಕ್ಕೆ ಸುಲಭವಾಗಿ ಸಿಗುತ್ತವೆ, ಉಳಿದ ಕೆಲವನ್ನು ದೇಹವೇ ತೆಗೆದುಹಾಕುತ್ತದೆ. ಅಲ್ಲಿ 10 ದಿನದ ಔಷಧ ವ್ಯರ್ಥ. ಕ್ಷಯದಲ್ಲಿ, ಮೂಳೆಯ ಸೋಂಕಿನಲ್ಲಿ, ದೇಹದೊಳಗೆ ಕೂರಿಸಿದ ಕೃತಕ ಸಾಧನಗಳ ಮೇಲೆ ಪದರಗಟ್ಟಿದ ಸೋಂಕಿನಲ್ಲಿ ಬ್ಯಾಕ್ಟೀರಿಯಾ ಹಸಿದು, ಕಾದು ಕುಳಿತಿರುತ್ತದೆ, ದೇಹಕ್ಕೂ ಪೂರ್ತಿ ಕೈಗೆಟುಕುವುದಿಲ್ಲ. ಅಲ್ಲಿ ಅವಧಿ ಮೊಟಕುಗೊಳಿಸಿದರೆ ರೋಗ ಮರುಕಳಿಸುತ್ತದೆ. ಯಾವುದು ಯಾವ ಬಗೆಯದು ಎಂದು ನಿರ್ಧರಿಸಬೇಕಾದವರು ವೈದ್ಯರು. ಕೆಮ್ಮು ನಿಂತಿತೆಂದು ರೋಗಿಯೇ ನಿರ್ಧರಿಸುವ ವಿಷಯ ಇದಲ್ಲ.

ಉಳಿತಾಯದ ಮೂಲಕ್ಕೇ ಪೆಟ್ಟು

ಬಿಪಾಲ್‌ಎಂನಲ್ಲಿ ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಇವೆ. ಇವುಗಳಲ್ಲಿ ಬೆಡಾಕ್ವಿಲಿನ್ ಗುರಿಯಿಡುವುದು ಎಟಿಪಿ ತಯಾರಿಸುವ ಕಿಣ್ವದ ಮೇಲೆ. ಬೆಳವಣಿಗೆ ನಿಲ್ಲಿಸಿದ ಕ್ಷಯದ ಬ್ಯಾಕ್ಟೀರಿಯಾ ರೈಬೋಸೋಮ್ ತಯಾರಿಕೆಯನ್ನು ತಗ್ಗಿಸಬಹುದು, ಕೋಶಭಿತ್ತಿಯ ಕೆಲಸವನ್ನು ಮುಂದೂಡಬಹುದು. ಜೀವ ಹಿಡಿದುಕೊಳ್ಳಲು ಬೇಕಾದಷ್ಟು ಎಟಿಪಿಯನ್ನು ಮಾತ್ರ ಬಿಡಲಾರದು. ಆ ಕೊನೆಯ ಸಂಗ್ರಹಕ್ಕೇ ಪೆಟ್ಟು ಬೀಳುವುದರಿಂದ ಮಲಗಿದ್ದವೂ ಸಾಯುತ್ತವೆ. ಹಾಗಿದ್ದೂ ಬೆಡಾಕ್ವಿಲಿನ್ ಕೊಟ್ಟ ಮೊದಲ ಕೆಲವು ದಿನ ಬ್ಯಾಕ್ಟೀರಿಯಾ ಅಷ್ಟಾಗಿ ಸಾಯುವುದಿಲ್ಲ. ಆ ದಿನಗಳಲ್ಲಿ ಅದು ಮತ್ತೆ ಜೀನ್‌ಗಳ ಓದನ್ನು ಬದಲಾಯಿಸಿ, ಎಟಿಪಿಗೆ ಬೇರೆ ದಾರಿ ಹುಡುಕುತ್ತಿರುತ್ತದೆ ಎಂದು 2014ರ ಅಧ್ಯಯನ ತೋರಿಸಿತು. ಹಸಿವಿಗೆ ಕಲಿತ ಪಾಠವನ್ನೇ ಅದು ಔಷಧದ ವಿರುದ್ಧವೂ ಬಳಸುತ್ತದೆ.

ಈ ಔಷಧಕ್ಕೆ ಒಂದು ಅಪಾಯವೂ ಅಂಟಿಕೊಂಡಿದೆ. ಬೆಡಾಕ್ವಿಲಿನ್ ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದರ ಕೊನೆಯ ಹಂತದ ಅರ್ಧಾಯು, ಎಂದರೆ ದೇಹದಲ್ಲಿ ಉಳಿದ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು ಐದೂವರೆ ತಿಂಗಳು. ಜೊತೆಯ ಔಷಧಗಳು ಬೇಗ ಖಾಲಿಯಾಗುತ್ತವೆ. ರೋಗಿ ಊರು ಬಿಟ್ಟು ಹೋದದ್ದರಿಂದಲೋ, ಔಷಧ ಪೂರೈಕೆ ನಿಂತದ್ದರಿಂದಲೋ ಚಿಕಿತ್ಸೆ ಅರ್ಧಕ್ಕೆ ತುಂಡಾದರೆ, ಉಳಿದ ಬ್ಯಾಕ್ಟೀರಿಯಾಗಳ ನಡುವೆ ಬೆಡಾಕ್ವಿಲಿನ್ ಒಂದೇ, ಅದೂ ಕಡಿಮೆ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ಇರುತ್ತದೆ. ನಿರೋಧಕ ತಳಿ ಹುಟ್ಟಲು ಇದಕ್ಕಿಂತ ಅನುಕೂಲಕರ ಸ್ಥಿತಿ ಬೇರೆ ಇಲ್ಲ, ಮತ್ತು ಅಂಥ ತಳಿಗಳು ಈಗಾಗಲೇ ಹಲವು ದೇಶಗಳಲ್ಲಿ ಕಂಡಿವೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿರುವುದರಿಂದ, ಪೂರೈಕೆ ತಪ್ಪದಂತೆ ನೋಡಿಕೊಳ್ಳುವುದು ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಡುವಷ್ಟೇ ದೊಡ್ಡ ಕೆಲಸ.

ಇದಕ್ಕೆ ತದ್ವಿರುದ್ಧವಾದ ದಾರಿಯೂ ಇದೆ: ಹಸಿದದ್ದಕ್ಕೆ ಉಣಿಸಿ ಎಬ್ಬಿಸಿ ಕೊಲ್ಲುವುದು. ಬಾಸ್ಟನ್ನಿನ ಜೇಮ್ಸ್ ಕಾಲಿನ್ಸ್ ಅವರ ತಂಡ 2011ರಲ್ಲಿ ಪರ್ಸಿಸ್ಟರ್ ಕೋಶಗಳಿಗೆ ಮ್ಯಾನಿಟಾಲ್, ಫ್ರಕ್ಟೋಸ್‌ನಂತಹ ಸಕ್ಕರೆಗಳ ಜೊತೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಿತು. ಸಕ್ಕರೆಯಿಂದ ಕೋಶಪೊರೆಯ ವಿದ್ಯುತ್ ಬಲ ಮರಳಿ ಹುಟ್ಟಿತು, ಆ ಬಲದ ನೆರವಿನಿಂದಲೇ ಔಷಧ ಒಳಹೊಕ್ಕಿತು, ಕೋಶಗಳು ಸತ್ತವು. ಇದು ಪ್ರಯೋಗಾಲಯ ಮತ್ತು ಇಲಿಗಳ ಮಟ್ಟದ ಫಲಿತಾಂಶ. ಸೋಂಕಿದ್ದವರು ಸಕ್ಕರೆ ತಿನ್ನಬೇಕೆಂದು ಯಾರೂ ಅರ್ಥ ಮಾಡಿಕೊಳ್ಳಬಾರದು, ಮಧುಮೇಹವಂತೂ ಕ್ಷಯದ ಅಪಾಯವನ್ನೇ ಹೆಚ್ಚಿಸುತ್ತದೆ. ಬ್ಯಾಕ್ಟೀರಿಯಾದ ಹಸಿವನ್ನು ಮನುಷ್ಯನ ಹಸಿವಿನೊಂದಿಗೆ ಬೆರೆಸುವುದೂ ತಪ್ಪು. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಕ್ಷಯ ರೋಗಿಗಳ ಮನೆಯವರಿಗೆ ಪೌಷ್ಟಿಕ ಪಡಿತರ ಕೊಟ್ಟಾಗ ಅವರಲ್ಲಿ ಹೊಸ ಕ್ಷಯ ಶೇ 39ರಷ್ಟು ಕಡಿಮೆಯಾಯಿತು. ಉಂಡ ದೇಹವೇ ಬ್ಯಾಕ್ಟೀರಿಯಾವನ್ನು ಹಿಡಿದಿಡಬಲ್ಲದು.

ಅಳೆಯಲಾಗದ ಉಳಿಕೆ

ಅವಧಿಯನ್ನು ಇನ್ನೂ ಇಳಿಸಲು ಅಡ್ಡಿಯಾಗಿರುವುದು ಔಷಧದ ಕೊರತೆಯೊಂದೇ ಅಲ್ಲ. ಕಫದ ಪರೀಕ್ಷೆ ಕಫದಲ್ಲಿ ಬಂದದ್ದನ್ನು ತೋರಿಸುತ್ತದೆ, ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ‘ಕಲ್ಚರ್’ ಪರೀಕ್ಷೆ ಬೆಳೆಯಬಲ್ಲದ್ದನ್ನು ತೋರಿಸುತ್ತದೆ. ಗಂಟಿನೊಳಗೆ ಬೆಳೆಯದೆ ಕುಳಿತದ್ದನ್ನು ಎಣಿಸುವ ಪರೀಕ್ಷೆ ವೈದ್ಯರ ಕೈಯಲ್ಲಿಲ್ಲ. ಸಾಮಾನ್ಯ ಕ್ಷಯಕ್ಕೆ ಮಾಕ್ಸಿಫ್ಲಾಕ್ಸಸಿನ್ ಸೇರಿಸಿ 4 ತಿಂಗಳಲ್ಲಿ ಮುಗಿಸುವ ದೊಡ್ಡ ಪ್ರಯೋಗವೊಂದರ ಫಲಿತಾಂಶ 2014ರಲ್ಲಿ ಬಂದಾಗ, 6 ತಿಂಗಳ ಗುಂಪಿನಲ್ಲಿ ಶೇ 92 ಮಂದಿಗೆ ಒಳ್ಳೆಯ ಫಲ ಸಿಕ್ಕಿದ್ದರೆ, 4 ತಿಂಗಳ ಎರಡು ಗುಂಪುಗಳಲ್ಲಿ ಅದು ಶೇ 85 ಮತ್ತು ಶೇ 80 ಇತ್ತು. 2021ರಲ್ಲಿ ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಸಿನ್ ಇರುವ ಬೇರೊಂದು 4 ತಿಂಗಳ ಚಿಕಿತ್ಸೆ 6 ತಿಂಗಳದ್ದಕ್ಕೆ ಸರಿಸಮವೆಂದು ಸಾಬೀತಾಯಿತಾದರೂ, ಹಳೆಯ ಸಂಖ್ಯೆಗಳು ಹೇಳುವ ಮಾತು ಉಳಿದೇ ಇದೆ: ನೂರಕ್ಕೆ 80 ಮಂದಿಗೆ 4 ತಿಂಗಳೇ ಸಾಕಾಗಿತ್ತು. ಉಳಿದವರು ಯಾರೆಂದು ಚಿಕಿತ್ಸೆಯ ನಡುವೆ ಗುರುತಿಸಲು ಆಗದ ಕಾರಣದಿಂದಲೇ ಬಹುತೇಕ ಎಲ್ಲರೂ 6 ತಿಂಗಳು ಮಾತ್ರೆ ನುಂಗುತ್ತಿದ್ದಾರೆ.